ರೀಬಾಲ್ ಹಾಕ್ಸಿ ಮಾರಾಯ್ರೆ!

ಅಡಿಕೆ ಕೊಯ್ಲು ಮುಗಿದು ಗದ್ದೆ ಒಣಗುವುದೇ ತಡ, ಭತ್ತದ ಕೂಳೆ ಕೆತ್ತಿ ಮ್ಯಾಟ್ ಹಾಸಿ ಸಾಗರ, ಹೊಸನಗರ, ತೀರ್ಥಹಳ್ಳಿಯ ಊರೂರಲ್ಲಿ ಟೆನಿಸ್ ಬಾಲ್ ಟೂರ್ನಮೆಂಟು ಶುರುವಾಗುತ್ತದೆ. ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ ಪಾಂಪ್ಲೆಟ್ಟಿನಲ್ಲಿ ಬಹುಮಾನದ ಮೊತ್ತ, ಟ್ರೋಫಿ ಕೊಟ್ಟ ದಾನಿಗಳ ಹೆಸರು, ಕಟ್ಟಕಡೆಗೆ ಸಣ್ಣ ಅಕ್ಷರದಲ್ಲಿ ‘ಅಂಪೈರ್ ತೀರ್ಮಾನವೇ ಅಂತಿಮ’. ಇಡೀ ಪಾಂಪ್ಲೆಟ್ಟಿನಲ್ಲಿ ಅಪ್ಪಟ ಕಲ್ಪನೆಯಿಂದ ಬರೆದದ್ದು ಆ ಸಾಲೊಂದೇ.

ನಮ್ಮಲ್ಲಿ ಅಂಪೈರ್ ಬೆರಳೆತ್ತಿದರೆ ಅದು ಪೀಠಿಕೆ ಮಾತ್ರ. ಪ್ರಸಂಗ ಶುರುವಾಗುವುದು ಟೀಮ್ ಮ್ಯಾನೇಜರು ಒಳಗೆ ಬಂದ ಮೇಲೆ. ಮ್ಯಾನೇಜರಿಗೆ ಬ್ಯಾಟು ಹಿಡಿಯಲು ಬರಬೇಕೆಂದೇನಿಲ್ಲ. ಎಂಟ್ರಿ ಫೀಸು ಕಟ್ಟಿರಬೇಕು, ಹುಡುಗರನ್ನು ಜೀಪಿನಲ್ಲಿ ತುಂಬಿಕೊಂಡು ಬಂದಿರಬೇಕು, ಪಂಚೆ ಎತ್ತಿ ಕಟ್ಟಲು ಗೊತ್ತಿರಬೇಕು. ‘ಎಂಥ ಔಟು ಮಾರಾಯ್ರೆ ಇದು?’ ಎನ್ನುತ್ತಾ ಅವರು ಪಿಚ್ ತಲುಪುವಷ್ಟರಲ್ಲಿ ಹಿಂದೆ ಟ್ರೋಫಿ ದಾನಿ, ದಾನಿಯ ಹಿಂದೆ ಸ್ಕೋರರ್, ಅವನ ಹಿಂದೆ ಒಲೆ ಆರಿಸಿ ಬಂದ ಗೋಬಿ ಮಂಚೂರಿಯವನು. ತಾಳಮದ್ದಳೆಯಲ್ಲಿ ಇಬ್ಬರು ಅರ್ಥಧಾರಿಗಳ ವಾದ ಅತಿಯಾದರೆ ಭಾಗವತರು ಮುಂದಿನ ಪದ ಎತ್ತಿಬಿಡಬಹುದು. ಅಂಪೈರಿಗೆ ಆ ಸೌಕರ್ಯವೂ ಇಲ್ಲ.

ಅಮೆರಿಕದ ಬೇಸ್‌ಬಾಲ್‌ನಲ್ಲೂ ಈ ಜಗಳ ಆಟದಷ್ಟೇ ಹಳೆಯದು. 1905ರಿಂದ 1941ರವರೆಗೆ ಅಂಪೈರ್ ಆಗಿದ್ದ ಬಿಲ್ ಕ್ಲೆಮ್, ಮೈಮೇಲೆ ಬಂದವರ ಎದುರು ಬೂಟಿನ ತುದಿಯಿಂದ ಮಣ್ಣಿನಲ್ಲೊಂದು ಗೆರೆ ಎಳೆಯುತ್ತಿದ್ದ. ದಾಟಿದವರು ಹೊರಗೆ, ಅಷ್ಟೆ. ಬಾಲ್ಟಿಮೋರಿನ ಮ್ಯಾನೇಜರ್ ಅರ್ಲ್ ವೀವರ್ ಜಗಳಕ್ಕೆ ಹೊರಟಾಗ ಟೋಪಿಯನ್ನು ಹಿಂದುಮುಂದಾಗಿ ತಿರುಗಿಸಿಕೊಳ್ಳುತ್ತಿದ್ದ. ಟೋಪಿಯ ಮೂತಿ ಅಂಪೈರಿಗೆ ತಾಗದ ಹಾಗೆ ಎಷ್ಟು ಹತ್ತಿರ ಹೋಗಿ ಕೂಗಬಹುದೋ ಅಷ್ಟು ಹತ್ತಿರಕ್ಕೆ. ಬಾಬಿ ಕಾಕ್ಸ್ ಅನ್ನುವ ಮ್ಯಾನೇಜರನ್ನು 150ಕ್ಕೂ ಹೆಚ್ಚು ಸಲ ಮೈದಾನದಿಂದ ಆಚೆ ಕಳಿಸಿದರು. 2014ರಲ್ಲಿ ಅವನನ್ನೇ ಕರೆದು ಆಟದ ಅತ್ಯುನ್ನತ ಗೌರವವನ್ನೂ ಕೊಟ್ಟರು.

ಆ ಗೆರೆಯನ್ನು ಇಲ್ಲಿ ಎಳೆದು ನೋಡಿ. ಮಲೆನಾಡಿನಲ್ಲಿ ನೆಲದ ಮೇಲೆ ಗೆರೆ ಎಳೆಯುವುದು ಆಟದ ವಿಷಯವಲ್ಲ, ಸರ್ವೆಯವರ ವಿಷಯ. ಗೆರೆ ಕಂಡರೆ ಬಗರ್‌ಹುಕುಂ ಅರ್ಜಿ ಹಾಕಿದವರೆಲ್ಲ ಕಡತ ಹಿಡಿದು ಓಡಿ ಬಂದಾರು. ಬರದಿದ್ದರೂ, ಗೆರೆಯ ಆಚೆ ನಿಂತವನು ಅಂಪೈರಿನ ಹೆಂಡತಿಯ ಅಣ್ಣ. ‘ಎಂಥ ಭಾವ, ನಂಗೇ ಗೆರೆಯಾ?’ ಎಂದರೆ ಮುಗಿಯಿತು. ಬಿಲ್ ಕ್ಲೆಮ್‌ಗೆ ಮರುದಿನ ಅದೇ ಮ್ಯಾನೇಜರಿನ ಮನೆಯ ಗೃಹಪ್ರವೇಶವಿರಲಿಲ್ಲ. ಅಡಿಕೆ ಸೊಸೈಟಿ ಆಪ್ಸ್‌ಕೋಸ್‌ನಲ್ಲಿ ಅವನ ಪಕ್ಕದಲ್ಲೇ ಅಡಿಕೆ ಚೀಲ ಇಳಿಸಬೇಕಾಗಿಯೂ ಇರಲಿಲ್ಲ.

ಎದುರಾಡುವ ಗುಣ ಇಲ್ಲಿನ ನೆಲದ್ದೇ ಅನ್ನಿ. ಧಣಿಗಳ ಕೊಳಗದ ಅಳತೆ ಸರಿಯಿಲ್ಲ ಎಂದು ಗೇಣಿದಾರರು ಎದ್ದುನಿಂತದ್ದರಿಂದಲೇ ಅಲ್ಲವೇ 1951ರ ಕಾಗೋಡು ಸತ್ಯಾಗ್ರಹ? ಮಾರನೇ ವರ್ಷ ಸಾಗರ-ಹೊಸನಗರದಿಂದ, ಆಮೇಲೆ 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ, ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಆರಿಸಿ ಕಳಿಸಿದ್ದೂ ಇದೇ ಮೂರು ತಾಲ್ಲೂಕು. ಕೊಳಗ ಹೋಯಿತು, ಗೇಣಿ ಹೋಯಿತು, ಗಂಟಲು ಉಳಿಯಿತು. ಈಗ ಅದು ವೈಡ್ ಬಾಲಿನ ಅಳತೆಗೆ ಮೀಸಲು.

ನಮ್ಮದೇ ಜಿಲ್ಲೆಯ ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ ಕೂಡ ಒಮ್ಮೆ ಅಂಪೈರಿನ ತೀರ್ಮಾನವನ್ನು ಒಪ್ಪಲಿಲ್ಲ. ಆದರೆ ಒಪ್ಪದೆ ಇದ್ದದ್ದು ಎದುರಾಳಿಯ ಪರವಾಗಿ! 1980ರ ಮುಂಬಯಿ ಟೆಸ್ಟ್‌ನಲ್ಲಿ ಔಟಾಗಿ ಹೊರಟಿದ್ದ ಬಾಬ್ ಟೇಲರ್‌ನನ್ನು ವಾಪಸ್ ಕರೆದರು. ಅವನು ಬೋಥಮ್ ಜೊತೆ ಸೇರಿ 171 ರನ್ ಕೂಡಿಸಿದ, ಭಾರತ 10 ವಿಕೆಟ್‌ಗಳಿಂದ ಸೋತಿತು. ಜಿಲ್ಲೆಯ ಮ್ಯಾನೇಜರುಗಳು ಇದರಿಂದ ಪಾಠ ಕಲಿತಿರಬೇಕು. ಮತ್ತೆ ಯಾರೂ ಆ ಕೆಲಸ ಮಾಡಿದ್ದನ್ನು ನಾನಂತೂ ನೋಡಿಲ್ಲ.

ಹಾಗಾದರೆ ಅಂಪೈರ್ ಬದುಕುವುದು ಹೇಗೆ? ಮೊದಲನೆಯದಾಗಿ, ಜಗಳ ಹುಟ್ಟಿಸುವ ನಿಯಮವನ್ನೇ ತೆಗೆದುಹಾಕಿದ್ದಾರೆ. ಗದ್ದೆ ಕ್ರಿಕೆಟ್ಟಿನಲ್ಲಿ ಎಲ್‌ಬಿಡಬ್ಲ್ಯೂ ಇಲ್ಲ; ಕಾಲಿಗೆ ಬಡಿದದ್ದು ಅವರವರ ಕಾಲಿನ ಸ್ವಂತ ವಿಚಾರ. ಅಷ್ಟಕ್ಕೂ ಬಗೆಹರಿಯದಿದ್ದರೆ ರೀಬಾಲ್. ಔಟೂ ಅಲ್ಲ, ನಾಟೌಟೂ ಅಲ್ಲ, ಆ ಬಾಲು ಬಿದ್ದೇ ಇಲ್ಲ! ಹೈಕೋರ್ಟಿನಲ್ಲಿ ಕೊಳೆಯುತ್ತಿರುವ ಎಷ್ಟೋ ದಾವೆಗಳಿಗೂ ಇದನ್ನು ಪ್ರಯತ್ನಿಸಬಹುದು. ಇತ್ತೀಚೆಗೆ ಯೂಟ್ಯೂಬ್ ಲೈವ್ ಬಂದು ಗದ್ದೆಯ ಅಂಚಿನಲ್ಲಿ ಕೂತವರೆಲ್ಲ ಥರ್ಡ್ ಅಂಪೈರ್‌ಗಳಾಗಿದ್ದಾರೆ. ಬಿಸಿಲಿಗೆ ಮೊಬೈಲ್ ಓರೆ ಮಾಡಿ ಹಿಡಿದು ‘ನೋಡಿ, ಕಾಲು ಗೆರೆ ಒಳಗೇ ಉಂಟಲ್ಲ’ ಎಂದು ತೋರಿಸುತ್ತಾರೆ. ಪರದೆಯ ಮೇಲೆ ಕಾಣುವುದು ತೋರಿಸಿದವರದೇ ಮುಖ. ಹೊಸನಗರದ ಒಳಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗದಿರುವುದು ಅಂಪೈರುಗಳಿಗೆ ಸಿಕ್ಕಿರುವ ಏಕೈಕ ರಕ್ಷಣೆ.

ಪಿ.ಇ. ಮಾಷ್ಟ್ರನ್ನು ಅಂಪೈರಾಗಿ ನಿಲ್ಲಿಸಿ ನೋಡಿದರು. ವಿದ್ಯಾರ್ಥಿಯಾಗಿದ್ದಾಗಿನ ಏಟನ್ನೆಲ್ಲ ಹುಡುಗರು ಅವತ್ತೇ ಲೆಕ್ಕ ಚುಕ್ತಾ ಮಾಡಲು ಬಂದರು. ಪಂಚಾಯ್ತಿ ಸದಸ್ಯರನ್ನು ನಿಲ್ಲಿಸಿದರು. ನೋಬಾಲ್ ಕೊಟ್ಟರೂ ಅದರಲ್ಲಿ ಪಕ್ಷ ಕಂಡಿತು.

ಈಗ ಜಾಣ ಕಮಿಟಿಗಳು ಕೊನೆಗಾರನನ್ನು ಅಂಪೈರ್ ಮಾಡುತ್ತಿವೆ. ನಿಯಮ ಅವನಿಗೆ ಅರ್ಧಂಬರ್ಧ ಗೊತ್ತು, ಪರವಾಗಿಲ್ಲ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯಲು, ಆಮೇಲೆ ಕೊನೆ ಕೊಯ್ಯಲು ಮರ ಹತ್ತುವವನು ಸುತ್ತಲ ನಾಲ್ಕೂರಿಗೆ ಅವನೊಬ್ಬನೇ. ಅಂಥವನು ಮ್ಯಾನೇಜರ ಸ್ವಂತ ಮಗನಿಗೇ ಬೆರಳೆತ್ತುತ್ತಾನೆ. ಹುಡುಗ ಕ್ರೀಸ್ ಬಿಡುವುದಿಲ್ಲ. ಮ್ಯಾನೇಜರು ಪಂಚೆ ಎತ್ತಿ ಕಟ್ಟಿ, ಎಂದಿನ ವೇಗದಲ್ಲಿ ಒಳಗೆ ನುಗ್ಗುತ್ತಾರೆ. ಬೆರಳು ಯಾರದೆಂದು ಕಂಡದ್ದೇ ಪಂಚೆ ಕೆಳಗಿಳಿಯುತ್ತದೆ.

‘ನಮ್ಮನೆ ತೋಟಕ್ಕೆ ಔಷಧಿ ಹೊಡೆಯಕ್ಕೆ ಈ ಸಲ ಯಾವಾಗ ಬರ್ತೀಯ ಮಾರಾಯ?’

‘ನೋಡಾಣ’ ಎನ್ನುತ್ತಾನೆ ಅಂಪೈರ್, ಬೆರಳನ್ನು ಇಳಿಸದೆ.

ಮ್ಯಾನೇಜರು ಮಗನ ಕಡೆ ತಿರುಗುತ್ತಾರೆ. ‘ಔಟ್ ಅಂದ್ರೆ ಔಟು. ಎಂಥ ನೋಡ್ತೆ, ನಡಿ ಆಚೆ!’