ಎಡಗಿವಿ ರಜದ ಮೇಲಿದೆ

ಅವರ ಹೆಸರು ಬರೆಯುವ ಹಾಗಿಲ್ಲ. ಬರೆದರೆ ಚಾಮರಾಜನಗರದ ತೇರಿನ ಬೀದಿಯಿಂದ ಹಿಡಿದು ತೆರಕಣಾಂಬಿ ತರಕಾರಿ ಮಾರುಕಟ್ಟೆಯವರೆಗೆ ಹತ್ತಾರು ಮಂದಿ “ನನ್ನನ್ನೇ ಬರೆದವ್ರ” ಎಂದು ಎದೆಯುಬ್ಬಿಸಿ ಓಡಾಡುತ್ತಾರೆ. ಬೇಜಾರು ಮಾಡಿಕೊಳ್ಳುವವರು ಒಬ್ಬರೂ ಸಿಗುವುದಿಲ್ಲ. ತಮ್ಮ ಕುಂದುಗಳ ಪಟ್ಟಿಯನ್ನು ಲಗ್ನಪತ್ರಿಕೆಯ ಹಾಗೆ ಊರಿಗೆಲ್ಲ ಹಂಚುವ ಮಂದಿ ಇವರು. ಆದ್ದರಿಂದ ಯಜಮಾನರು ಎಂದಷ್ಟೇ ಕರೆಯೋಣ. ಮನೆ ಚಾಮರಾಜನಗರದಲ್ಲಿ, ಜಮೀನು ಗುಂಡ್ಲುಪೇಟೆ ಕಡೆ, ಮನಸ್ಸು ಎರಡರ ನಡುವೆ ಓಡಾಡುವ ಬಸ್ಸಿನ ಕಿಟಕಿ ಪಕ್ಕ.

ಯಜಮಾನರ ಎಡಗಿವಿ ಮಂದ. ಬೇರೆಯವರಾಗಿದ್ದರೆ ಮೈಸೂರಿಗೆ ಹೋಗಿ ಯಂತ್ರ ಹಾಕಿಸಿಕೊಂಡು ಬರುತ್ತಿದ್ದರು. ಇವರು ಅದನ್ನಿಟ್ಟುಕೊಂಡೇ ನ್ಯಾಯ ಹೇಳಲು ಶುರುಮಾಡಿದರು. “ಕೆಟ್ಟೋಗಿಲ್ಲ ಕಣಪ್ಪ, ರಜದ ಮ್ಯಾಲದ” ಎನ್ನುತ್ತಾರೆ. ಬದು ಒತ್ತಿದ ಜಗಳವೋ, ಅಣ್ಣತಮ್ಮಂದಿರ ಪಾಲಿನ ಜಗಳವೋ ಜಗುಲಿಗೆ ಬಂದರೆ, ಎರಡು ಕಡೆಯವರಲ್ಲಿ ಜೋರುಬಾಯಿ ಯಾರದು ಎಂದು ಮೊದಲ ಐದು ನಿಮಿಷದಲ್ಲೇ ಅಳೆದು, ಅವನನ್ನು ಎಡಕ್ಕೆ ಕೂರಿಸಿಕೊಳ್ಳುತ್ತಾರೆ. ಅವನು ತಾತನ ಕಾಲದ ಕ್ರಯಪತ್ರದಿಂದ ಶುರುಮಾಡಿ ನಾದಿನಿ ಮೊನ್ನೆ ಆಡಿದ ಮಾತಿನವರೆಗೆ ಎಲ್ಲವನ್ನೂ ಕೂಗಿ ಹೇಳುತ್ತಾನೆ. ಯಜಮಾನರು ಅತ್ತ ತಿರುಗಿ ತಲೆಯಾಡಿಸುತ್ತಾರೆ. ಒಂದು ಗಂಟೆಯ ಹೊತ್ತಿಗೆ ಅವನ ಗಂಟಲು ಒಣಗುತ್ತದೆ, ಸಿಟ್ಟೂ ಇಳಿಯುತ್ತದೆ. “ಇಷ್ಟು ವರ್ಸ್ದಲ್ಲಿ ನನ್ನ ಮಾತ್ನ ಪೂರ್ತಿ ಕೇಳ್ದೋರು ಇವ್ರೊಬ್ರೇ. ಒಂದ್ಸಲಾನೂ ಅಡ್ಡ ಬಾಯಿ ಹಾಕ್ಲಿಲ್ಲ” ಎಂದು ಕಣ್ಣು ಒರೆಸಿಕೊಂಡು, ಯಜಮಾನರು ಹೇಳಿದ್ದಕ್ಕೆ ಒಪ್ಪಿ ಎದ್ದುಹೋಗುತ್ತಾನೆ. ಬಲಗಡೆ ಕೂತವನು ಕಡಿಮೆ ಮಾತಿನವನು. ಅವನ ನಾಲ್ಕು ಮಾತು ಒಳ್ಳೆಯ ಕಿವಿಗೆ ಬಿದ್ದಿರುತ್ತವೆ. ನ್ಯಾಯ ಹೆಚ್ಚುಕಮ್ಮಿ ಸರಿಯಾಗಿಯೇ ಇರುತ್ತದೆ. ಎರಡು ಕಿವಿಯೂ ನೆಟ್ಟಗಿರುವ ಕಡೆ ಇದೇ ಬದುವಿನ ಜಗಳ ಮೊಮ್ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲ ಎನ್ನುವುದನ್ನು ನಾನಿಲ್ಲಿ ವಿಸ್ತರಿಸುವುದಿಲ್ಲ.

ಸಾಲದ ವಿಚಾರವನ್ನೂ ಬೇಗ ಹೇಳಿ ಮುಗಿಸುತ್ತೇನೆ. ಪೇಟೆಯ ಅರ್ಧ ಅಂಗಡಿಗಳ ಬಾಕಿ ಪುಸ್ತಕದಲ್ಲಿ ಅವರ ಹೆಸರಿದೆ. “ನನ್ ಆರೋಗ್ಯ ವಿಚಾರ್ಸೋರು ಇಷ್ಟು ಜನ ಯಾರ್ಗವ್ರ ಹೇಳು?” ಎನ್ನುವುದು ಅದಕ್ಕೆ ಅವರು ಕೊಡುವ ಸಮಾಧಾನ.

ಇನ್ನು ಹೆದರಿಕೆ. ಕತ್ತಲೆ ಎಂದರೆ, ಅದರಲ್ಲೂ ಕಾಡಿನ ಕತ್ತಲೆ ಎಂದರೆ ಯಜಮಾನರಿಗೆ ಕೈಕಾಲು ನಡುಗುತ್ತದೆ. ಹಿಂದೆ ಈರುಳ್ಳಿ, ಬೀಟ್‌ರೂಟು ತುಂಬಿದ ಲಾರಿಯ ಜತೆ ಸುಲ್ತಾನ್ ಬತ್ತೇರಿ ಕಡೆಗೆ ಹೋಗಬೇಕಾಗುತ್ತಿತ್ತು. ಮದ್ದೂರು ಚೆಕ್‌ಪೋಸ್ಟ್ ತಲುಪುವ ಹೊತ್ತಿಗೆ ಕತ್ತಲಾಗಿದ್ದರೆ ಇವರಿಗೆ ಹೊಟ್ಟೆನೋವು ಬಂದುಬಿಡುತ್ತಿತ್ತು. ಲಾರಿ ಡ್ರೈವರುಗಳು ಹೋಟೆಲಿನಲ್ಲಿ ಕೂತು ಇದನ್ನು ಅಭಿನಯಿಸಿ ತೋರಿಸಿ ನಗುತ್ತಿದ್ದರು. ಹೀಗಿರುವಾಗ 2009ರಲ್ಲಿ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರ ನಿಷೇಧವಾಯಿತು. ಮಾರನೆಯ ವರ್ಷ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಕಾಡುಪ್ರಾಣಿಗಳು ಗಾಡಿಗಳಿಗೆ ಸಿಕ್ಕಿ ಸಾಯುವುದನ್ನು ತಪ್ಪಿಸಲು ಬಂದ ಆಜ್ಞೆ ಎಂದು ನಾವೆಲ್ಲ ತಿಳಿದಿದ್ದೇವೆ. ಯಜಮಾನರ ಲೆಕ್ಕದಲ್ಲಿ ಅದು ಅವರ ಹೊಟ್ಟೆನೋವಿಗೆ ಸರ್ಕಾರ ಕೊಟ್ಟ ಮಾನ್ಯತೆ. “ನಾನು ಮೊದ್ಲಿಂದ ಹೇಳ್ತಿದ್ದದ್ದು ಇದ್ನೇಯ. ಆನ್ಗೂ ನಿದ್ದ ಬೇಕಲ್ವಾ?” ಅಂದಿನಿಂದ ಅವರು ಪುಕ್ಕಲರಲ್ಲ, ಪರಿಸರವಾದಿ. ಕಾಡಿನ ಬಗ್ಗೆ ಯಾವ ಸಭೆಯಾದರೂ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಸಭೆ ಮಾತ್ರ ಹಗಲಿನಲ್ಲಿರಬೇಕು.

ಇದಕ್ಕಿಂತ ದೊಡ್ಡ ಸಾಧನೆ ಅವರ ಸೋಮಾರಿತನದ್ದು. ಮುಂಗಾರು ಹಿಡಿದ ಮೇಲೆ ಗುಂಡ್ಲುಪೇಟೆಯ ದಾರಿಯಲ್ಲಿ ಹೋದವರು ನೋಡಿಯೇ ಇರುತ್ತೀರಿ: ಒಂದು ಕಡೆ ಸೂರ್ಯಕಾಂತಿ, ಇನ್ನೊಂದು ಕಡೆ ಚೆಂಡು ಹೂವು, ಹಿಂದೆ ಮೋಡ ಹೊದ್ದ ಗೋಪಾಲಸ್ವಾಮಿ ಬೆಟ್ಟ. ಚೆಂಡು ಹೂವನ್ನು ಇಲ್ಲಿ ಹೆಚ್ಚಾಗಿ ಬೆಳೆಯುವುದು ಬಣ್ಣ ತೆಗೆಯುವ ಕಾರ್ಖಾನೆಗಾಗಿ. ಕಂಪನಿ ಬೀಜ ಕೊಡುತ್ತದೆ, ತೂಕದ ಲೆಕ್ಕದಲ್ಲಿ ಹೂವು ಕೊಳ್ಳುತ್ತದೆ. ಅರಳಿದ ಹೂವನ್ನು ಹೊತ್ತಿಗೆ ಸರಿಯಾಗಿ ಬಿಡಿಸಿ ಚೀಲಕ್ಕೆ ತುಂಬಬೇಕು. ಅಕ್ಕಪಕ್ಕದವರು ಬೆಳಗ್ಗೆ ಏಳಕ್ಕೆಲ್ಲ ಆಳುಗಳನ್ನು ಹೊಲಕ್ಕೆ ಇಳಿಸುತ್ತಾರೆ. ನಮ್ಮ ಯಜಮಾನರು ಎಂಟಕ್ಕೆ ಏಳುತ್ತಾರೆ, ಹತ್ತಕ್ಕೆ ಆಳು ಹುಡುಕುತ್ತಾರೆ, ಸಿಗದಿದ್ದಾಗ ಸಂತೋಷದಿಂದ ಟೀ ಕುಡಿಯುತ್ತಾರೆ. ಒಂದು ವರ್ಷ ಹೀಗೆಯೇ ದಿನ ತಳ್ಳುತ್ತ ಓಣಂ ಬಂತು. ಸುತ್ತಲಿನ ಹೊಲಗಳಲ್ಲಿ ಹೂವು ಬಿಡಿಸಿ ಬರೀ ಹಸಿರು ಉಳಿದಿತ್ತು. ಇವರ ಹೊಲ ಒಂದೇ ಅಂಚಿನಿಂದ ಅಂಚಿಗೆ ಕಿತ್ತಳೆ ಬಣ್ಣದಲ್ಲಿ ಉರಿಯುತ್ತಿತ್ತು. ಕೇರಳದಿಂದ ಬರುವ ಕಾರುಗಳು ಒಂದರ ಹಿಂದೆ ಒಂದು ಅಲ್ಲೇ ನಿಂತವು. ಕಸವು ಸೀರೆಯುಟ್ಟ ಹೆಂಗಸರು, ಬಿಳಿ ಮುಂಡಿನ ಗಂಡಸರು, ಅವರ ಮಕ್ಕಳು, ಆ ಮಕ್ಕಳ ಕೈಯಲ್ಲೂ ಫೋನು.

ಮೊದಲ ದಿನ ಯಜಮಾನರು ಕೂಗಾಡಿದರು. ಎರಡನೆಯ ದಿನ ಹೊಲದ ಬಾಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ತಲೆಗೆ 20 ರೂಪಾಯಿ, ಮಕ್ಕಳಿಗೆ ಬಿಟ್ಟಿ, ಮದುವೆ ಗಂಡುಹೆಣ್ಣಿನ ಫೋಟೋ ಆದರೆ ಮಾತುಕತೆ. ಬಾಡುವುದಕ್ಕೆ ಮುಂಚೆ ಉಳಿದದ್ದನ್ನು ಅದೇ ಜನ ಹೂವಿನ ರಂಗೋಲಿಗೆಂದು ಕೊಂಡೂ ಹೋದರು. ಫೋಟೋಕ್ಕೆ ದುಡ್ಡು ಕೇಳುವ ರೈತರು ಆ ದಾರಿಯುದ್ದಕ್ಕೂ ಇದ್ದಾರೆ, ಅದೇನು ಇವರ ಶೋಧವಲ್ಲ. ಏನೂ ಮಾಡದೆ ಅಲ್ಲಿಗೆ ತಲುಪಿದ್ದು ಮಾತ್ರ ಇವರೊಬ್ಬರೇ. “ಬೇಗ ಎದ್ದೋರ ಹೊಲ ನೋಡು, ಬೋಳಾಗದ” ಎಂದು ಈಗ ಪಕ್ಕದವರಿಗೆ ಬುದ್ಧಿ ಹೇಳುತ್ತಾರೆ. ಅವರ ಮನೆಯಾಕೆಗೆ ಮಾತ್ರ ಈ ವಾದ ಒಪ್ಪಿಗೆಯಿಲ್ಲ. “ಮಲ್ಗಿದ್ರ ದುಡ್ಡು ಬತ್ತದ ಅಂದ್ರ ನಮ್ಮನ ಕೋಣ ಇಷ್ಟೊತ್ಗ ಸೌಕಾರಾಗ್ಬೇಕಿತ್ತು” ಎಂದು ಆಕೆ ಒಮ್ಮೆ ಅಂದದ್ದುಂಟು. ಎಡಗಡೆ ನಿಂತು ಅಂದರು. ಯಜಮಾನರು ತಲೆಯಾಡಿಸಿದರು.

ಇದನ್ನೆಲ್ಲ ಅವರು ಎಲ್ಲಿ ಕಲಿತರೆಂದು ನಾನು ಬಹಳ ಯೋಚಿಸಿದ್ದೇನೆ. ಊರಿನಿಂದಲೇ ಕಲಿತರು ಎನ್ನುವುದು ನನ್ನ ಅನುಮಾನ. ಆಷಾಢ ಎಂದರೆ ನಾಡಿನಲ್ಲೆಲ್ಲ ಹೊಸ ಸೊಸೆಯನ್ನು ತವರಿಗೆ ಕಳಿಸುವ ಕಾಲ, ಶುಭಕಾರ್ಯಕ್ಕೆ ರಜೆ. ಚಾಮರಾಜನಗರದಲ್ಲಿ ಅದೇ ಆಷಾಢಕ್ಕೆ ಚಾಮರಾಜೇಶ್ವರನ ತೇರು ಎಳೆಯುತ್ತಾರೆ. ಬೇರೆ ಬೇರೆ ಇರಬೇಕಾದ ಹೊಸ ಗಂಡಹೆಂಡತಿ ಅಂದು ಜೋಡಿಯಾಗಿ ಬಂದು ಹಣ್ಣು ಜವನ ಎಸೆಯುತ್ತಾರೆ. ತಿಂಗಳಿಗಿರುವ ಕೆಟ್ಟ ಹೆಸರನ್ನೇ ಜಾತ್ರೆ ಮಾಡಿಕೊಂಡ ಊರು ಅದು.

ಊರಿಗೂ ಒಂದು ಕೆಟ್ಟ ಹೆಸರಿತ್ತಲ್ಲ. ಇಲ್ಲಿಗೆ ಬಂದ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದೆ ಎಂಬ ಮಾತು. 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಹೊಸ ಜಿಲ್ಲೆಯಾದಾಗ ಜೆ.ಎಚ್. ಪಟೇಲರು ಅದನ್ನು ಉದ್ಘಾಟಿಸಿದ್ದು ಜಿಲ್ಲಾ ಕೇಂದ್ರದಲ್ಲಲ್ಲ, ದೂರದ ಮಲೆ ಮಹದೇಶ್ವರ ಬೆಟ್ಟದಲ್ಲಿ. 2007ರಲ್ಲಿ ಕುಮಾರಸ್ವಾಮಿಯವರು ಧೈರ್ಯ ಮಾಡಿ ಬಂದರು. ಅದೇ ವರ್ಷ ಅವರ ಅಧಿಕಾರವೂ ಹೋಯಿತು. ಒಳಗುಟ್ಟು ಮೈತ್ರಿಯ ಜಗಳದಲ್ಲಿತ್ತು, ಊರಿನಲ್ಲಲ್ಲ. ಆದರೆ ಜಗುಲಿಯ ಮೇಲೆ ಅಷ್ಟು ಸೂಕ್ಷ್ಮ ಯಾರಿಗೆ ಬೇಕು?

ಯಜಮಾನರ ಪಾಲಿಗೆ ಈ ಶಾಪ ಪಿತ್ರಾರ್ಜಿತ ಆಸ್ತಿ. ಮನೆ ಮುಂದಿನ ಮೋರಿ ಕಟ್ಟಿಕೊಂಡರೆ, “ಮುಖ್ಯಮಂತ್ರೀನೇ ಬರ್ದಿದ್ದ ಊರು, ಮೋರಿ ಎಲ್ ಸರಿಯಾದ್ದು?” ಅಂಗಡಿಯವನು ಬಾಕಿ ಕೇಳಿದರೆ, “ಮುಖ್ಯಮಂತ್ರೀನೇ ಬರಲ್ಲ ಅಂತಾರ, ದುಡ್ಡು ಎಲ್ಲಿಂದ ಬಂದದಪ್ಪ?” ಹೊರಗಿನವರು ಯಾರಾದರೂ ಊರನ್ನು ಆಡಿಕೊಂಡರೆ ಮಾತ್ರ ವರಸೆ ಬದಲು. ಇದು ಅರಿಕುಠಾರ, ರಾಜ ಹುಟ್ಟಿದ ಊರು, ಮಗ ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆಯ ಹೆಸರನ್ನೇ ಊರಿಗಿಟ್ಟು, 1826ರಲ್ಲಿ ದೇವಸ್ಥಾನ ಕಟ್ಟಿಸಿದರು ಎಂದು ಶುರುಮಾಡಿ, “ವಿಧಾನಸೌದಕ್ಕೂ ಇಲ್ದಿರೋ ಪವರ್ರು ನಮ್ಮ ಬಸ್‌ಸ್ಟಾಂಡ್ಗದ, ತಿಳ್ಕೊ” ಎಂದು ಮುಗಿಸುತ್ತಾರೆ.

2013ರಲ್ಲಿ ಸಿದ್ದರಾಮಯ್ಯನವರು ಬಂದರು. ಬಂದವರು ಮತ್ತೆ ಮತ್ತೆ ಬಂದರು. ಐದು ವರ್ಷ ಪೂರ್ತಿ ಮುಗಿಸಿದರು. ಆ ಐದು ವರ್ಷ ಯಜಮಾನರು ಇಳಿದುಹೋಗಿದ್ದರು. ಬಾಕಿ ಕೇಳುವ ಅಂಗಡಿಯವನು, “ಈಗೇನಂದೀರಿ ಯಜಮಾನ್ರೇ?” ಎಂದು ಬೇಕೆಂದೇ ಕೆಣಕುತ್ತಿದ್ದ. 2018ರಲ್ಲಿ ಸರ್ಕಾರ ಬದಲಾದಾಗ, “ನೋಡ್ದಾ? ವಸಿ ನಿಧಾನ ಆಯ್ತು ಅಷ್ಟೇಯ” ಎಂದು ಚೇತರಿಸಿಕೊಂಡರು. 2023ರಲ್ಲಿ ಸಿದ್ದರಾಮಯ್ಯನವರೇ ಮತ್ತೆ ಮುಖ್ಯಮಂತ್ರಿಯಾದಾಗ ಯಜಮಾನರ ಮಾತು ಪುನಃ ನಿಂತಿತು. 2025ರ ಏಪ್ರಿಲ್ 24ರಂದು ಇಡೀ ಸಚಿವ ಸಂಪುಟವೇ ಮಲೆ ಮಹದೇಶ್ವರ ಬೆಟ್ಟಕ್ಕೆ ಬಂದು ಸಭೆ ನಡೆಸಿದಾಗ ಕಳೆ ಬಂತು: “ಬೆಟ್ಟಕ್ಕ ಬಂದವ್ರ, ಊರ್ಗಲ್ಲ. ಪಟೇಲ್ರು ಮಾಡ್ದಂಗೇಯ.”

ಇಂಥವರ ಬಳಿಗೆ ಅಕ್ಕನ ಮಗ ಬಂದ. ಇಂಜಿನಿಯರಿಂಗ್ ಮುಗಿಸಿದ ಹುಡುಗ, ಬೆಂಗಳೂರಿನಲ್ಲಿ ಸಂದರ್ಶನ. ‘ನಿಮ್ಮ ದೌರ್ಬಲ್ಯವೇನು’ ಎಂದು ಕೇಳಿದರೆ ಹೇಳಲು ಒಂದು ಉತ್ತರವನ್ನು ಬಾಯಿಪಾಠ ಮಾಡಿಕೊಂಡಿದ್ದ: ನಾನು ಕೆಲಸ ಹಿಡಿದರೆ ಊಟ ನಿದ್ದೆ ಮರೆಯುತ್ತೇನೆ, ಅದೇ ನನ್ನ ದೌರ್ಬಲ್ಯ. ಯಜಮಾನರಿಗೆ ಸಿಟ್ಟು ಬಂತು. “ಲೋ, ಮೂರು ಮುದ್ದ ತಿಂದು ಮದ್ಯಾನ ಗೊರಕ ಹೊಡಿಯೋನು ನೀನು. ಸುಳ್ಳು ಹೇಳ್ಬುಟ್ರ ನಿಜವಾದ ಕುಂದು ದಂಡ ಆಗೋಯ್ತದಲ್ಲ!” ಹುಡುಗ ತನ್ನ ಮಾತಿನ ವರಸೆ ನಗೆಪಾಟಲಾದೀತೆಂದು ಹೆದರಿದ್ದ. ಪಕ್ಕದ ನಂಜನಗೂಡು ಸೀಮೆಯ ಇದೇ ಮಾತಿನಲ್ಲಿ ದೇವನೂರ ಮಹಾದೇವ ‘ಕುಸುಮಬಾಲೆ’ ಬರೆದರು, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು ಎಂದು ನಾನು ಸಮಾಧಾನ ಹೇಳಿದೆ. ಯಜಮಾನರು ಆ ಪುಸ್ತಕ ಓದಿಲ್ಲ. “ಹೂಂ, ನಮ್ ಮಾತ್ಗ ಡೆಲ್ಲಿಯೋರೇ ಪ್ರೈಜು ಕೊಟ್ಟವ್ರ, ಬೆಂಗ್ಳೂರ್ನವ್ರದೇನು?” ಎಂದು ತಕ್ಷಣ ಅದನ್ನೂ ಜೇಬಿಗೆ ಹಾಕಿಕೊಂಡರು.

ಸಂದರ್ಶನದಲ್ಲಿ ಮ್ಯಾನೇಜರು ಮೊದಲು ಊರು ಕೇಳಿದರಂತೆ. ಚಾಮರಾಜನಗರ ಎಂದ. “ಓ, ಕಾಲಿಟ್ಟೋರ ಕುರ್ಚಿ ಹೋಗುತ್ತಲ್ಲ, ಆ ಊರಾ?” ಎಂದು ನಕ್ಕರಂತೆ. ಹುಡುಗನಿಗೆ ಬಾಯಿಪಾಠವೆಲ್ಲ ಮರೆತುಹೋಗಿ, ಮಾವನ ಗಾಳಿ ಮೈಮೇಲೆ ಬಂದು, “ಹೌದು ಸಾರ್. ನೀವೊಂದ್ಸಲ ಬಂದೋಗಿ ಸಾರ್, ನಿಮ್ಮ ಕುರ್ಚೀನ ನಾನು ನೋಡ್ಕತೀನಿ” ಎಂದುಬಿಟ್ಟ.

ಕೊಠಡಿಯಲ್ಲಿದ್ದ ಉಳಿದಿಬ್ಬರು ನಕ್ಕರು. ಮ್ಯಾನೇಜರು ನಗಲಿಲ್ಲ. ತಿಳಿಸುತ್ತೇವೆ ಎಂದು ಕಳಿಸಿದರು. ಹುಡುಗ ಬಾಗಿಲವರೆಗೆ ಹೋದ ಮೇಲೆ ಮತ್ತೆ ಕರೆದು, ಮುಂದಿನ ವಾರ ಮನೆಯವರೆಲ್ಲ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟಿದ್ದೇವೆ, ನಿಮ್ಮ ಊರು ಮುಟ್ಟದೆ ಹೋಗುವ ದಾರಿ ಇದೆಯೇ ಎಂದು ದನಿ ತಗ್ಗಿಸಿ ಕೇಳಿದರಂತೆ. ಹುಡುಗ ಪಾಪ, ಮೈಸೂರು, ನಂಜನಗೂಡು, ಗುಂಡ್ಲುಪೇಟೆ ಎಂದು ನೇರ ದಾರಿಯನ್ನು ಹೇಳಿಕೊಟ್ಟು ಬಂದ.

ಇದನ್ನು ಕೇಳಿ ಯಜಮಾನರು ಜಗುಲಿಯಿಂದ ಎದ್ದೇ ನಿಂತರು. “ಅಯ್ಯೋ ದಡ್ಡ ನನ್ಮಗ್ನೇ, ಕೆಲ್ಸ ಕೈಗ ಬಂದಿತ್ತಲ್ಲೋ! ಆ ದಾರಿ ಯಾಕ್ಲಾ ಹೇಳ್ದ?”