ಎಡಗಾಲಿನ ಲೆಕ್ಕ

ಎಡಮಂಡಿ ನೋಯುತ್ತದೆ ಅಂತ ಯಾರೂ ಕಾರು ಬದಲಾಯಿಸುವುದಿಲ್ಲ. ಬದಲಾಯಿಸುವುದು ಅದಕ್ಕೇ, ಆದರೆ ಬಾಯಿ ಬಿಟ್ಟು ಹಾಗೆ ಹೇಳುವುದಿಲ್ಲ. ಬೆಂಗಳೂರಿನ ನಮ್ಮ ತಣಿಸಂದ್ರದಲ್ಲಿ ಯಾರನ್ನಾದರೂ ಕೇಳಿ. ಆಟೋಮ್ಯಾಟಿಕ್ ತಗೊಂಡವರು "ಈಗ ಮೈಲೇಜೂ ಮ್ಯಾನ್ಯುಯಲ್‌ಗಿಂತ ಜಾಸ್ತಿ ಸಾರ್" ಅನ್ನುತ್ತಾರೆ. ತಗೊಳ್ಳದವರು "ಅಯ್ಯೋ, ಅದು ಪೆಟ್ರೋಲ್ ಕುಡಿಯುತ್ತೆ ಸಾರ್" ಅನ್ನುತ್ತಾರೆ. ಇಬ್ಬರ ತೀರ್ಮಾನವೂ ಮೊದಲೇ ಆಗಿರುತ್ತದೆ, ಮೈಲೇಜು ಆಮೇಲೆ ಬರುವ ಸಾಕ್ಷಿ.

ನಮ್ಮ ಕಾಂಪೌಂಡಿಗೆ ಅಂಟಿಕೊಂಡ ಮನೆಯವರು ಬಿಎಂಟಿಸಿಯಲ್ಲಿ ಡ್ರೈವರ್ ಆಗಿದ್ದು ರಿಟೈರ್ ಆದವರು. ಬೀದಿಗೆಲ್ಲ ಅವರು 'ಅಣ್ಣ'. ಬೆಳಿಗ್ಗೆ ಪೇಪರು ಕಂಕುಳಲ್ಲಿಟ್ಟುಕೊಂಡು ಬಂದು ಕಾಂಪೌಂಡ್ ಗೋಡೆ ಮೇಲೆ ಕಾಫಿ ಲೋಟ ಇಟ್ಟರು ಅಂದರೆ ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಹೋಗಿ ನಿಲ್ಲಲೇಬೇಕು. ಈಚೆಗೆ ಮಾತೆಲ್ಲ ಒಂದೇ ವಿಷಯ: ಎದುರುಮನೆ ಮಹಡಿಯ ಹುಡುಗ ತಂದಿರುವ ಹೊಸ ಸ್ವಿಫ್ಟ್. ಹುಡುಗನಿಗೆ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ. ಗಾಡಿ ಆಟೋಮ್ಯಾಟಿಕ್.

"ಎಡಗಾಲಿಗೆ ಕೆಲಸಾನೇ ಇಲ್ಲ ಅಂಕಲ್ ಅಂತಾನೆ. ಹಂಗಾದ್ರೆ ದೇವ್ರು ಎರಡು ಕಾಲು ಯಾಕ್ ಕೊಟ್ಟ?" ಅಂದರು ಅಣ್ಣ. ಅವರದು ಹಳೇ ವ್ಯಾಗನಾರ್, ಮ್ಯಾನ್ಯುಯಲ್. ಅದರ ಕ್ಲಚ್ ತುಳಿಯುವುದು ಒಂದು ವ್ಯಾಯಾಮ.

ಅಣ್ಣನಿಗೆ ಉರಿದದ್ದು ಕಾಲಿನ ವಿಷಯಕ್ಕಲ್ಲ. ಹುಡುಗ ಫೋನಿನಲ್ಲಿ ತೋರಿಸಿದ ಅಂಕಿಗೆ. 2024ರಲ್ಲಿ ಬಂದ ಈ ಸ್ವಿಫ್ಟ್ ಮ್ಯಾನ್ಯುಯಲ್ ಆದರೆ ಲೀಟರಿಗೆ 24.80 ಕಿಲೋಮೀಟರ್, ಆಟೋಮ್ಯಾಟಿಕ್ ಆದರೆ 25.75 ಅಂತ ಕಂಪನಿಯೇ ಹೇಳಿದೆ. "ಯಾರಿಗೆ ಹೇಳ್ತಾನೆ ಕತೆ? ನಾನು ಓಡ್ಸಿರೋದೇ ಆಟೋಮ್ಯಾಟಿಕ್ಕು!"

ಅದು ನಿಜ. 2006ರಲ್ಲಿ ಬೆಂಗಳೂರಿಗೆ ಕೆಂಪು ವೋಲ್ವೊ ಬಸ್ಸುಗಳು ಬಂದವಲ್ಲ, ವಜ್ರ ಅಂತ, ಅವುಗಳಿಗೆ ಕ್ಲಚ್ ಇರಲಿಲ್ಲ. ಅಣ್ಣ ಅದರ ಸ್ಟೀರಿಂಗ್ ಹಿಡಿದವರು. ಡಿಪೋದಲ್ಲಿ ಡ್ರೈವರ್ ಹೆಸರಿನ ಮುಂದೆ ಕೆಎಂಪಿಎಲ್ ಬರೆಯುವ ಪದ್ಧತಿ ಇದೆ. ಯಾರು ಲೀಟರಿಗೆ ಎಷ್ಟು ಎಳೆದರು ಎಂಬುದು ಎಲ್ಲರ ಕಣ್ಣೆದುರಿಗೇ. ಸಾದಾ ಬಸ್ಸಿನಲ್ಲಿದ್ದಾಗ ಮೇಲಿದ್ದ ತಮ್ಮ ಅಂಕಿ ವೋಲ್ವೊ ಹತ್ತಿದ ಮೇಲೆ ಎರಡು ಚಿಲ್ಲರೆಗೆ ಇಳಿದದ್ದನ್ನು ಅವರು ಇವತ್ತಿಗೂ ಮರೆತಿಲ್ಲ. ಅಷ್ಟು ದೊಡ್ಡ ಎಸಿ, ಅಷ್ಟು ಭಾರದ ಬಸ್ಸು, ಅದು ಹಾಗೇ ಕುಡಿಯುವುದು ಎಂದರೆ ಕೇಳುವವರಲ್ಲ. ಅವರ ಮಟ್ಟಿಗೆ ತಪ್ಪೆಲ್ಲ ಗೇರ್‌ಬಾಕ್ಸಿನದು.

ಪೂರ್ತಿ ಅನ್ಯಾಯದ ಮಾತೂ ಅಲ್ಲ ಅದು. ಹಳೇ ಕಾಲದ ಆಟೋಮ್ಯಾಟಿಕ್ ಎಂದರೆ ಟಾರ್ಕ್ ಕನ್ವರ್ಟರ್. ಎರಡು ಫ್ಯಾನು ಎದುರುಬದುರು ಇಟ್ಟು ಒಂದನ್ನು ಹಾಕಿದರೆ ಇನ್ನೊಂದು ಆ ಗಾಳಿಗೇ ತಿರುಗುತ್ತದಲ್ಲ, ಹಾಗೆ. ಇಲ್ಲಿ ಗಾಳಿಯ ಬದಲು ಎಣ್ಣೆ. ಎಂಜಿನ್ನಿಗೂ ಚಕ್ರಕ್ಕೂ ನಡುವೆ ಕಬ್ಬಿಣದ ನಂಟೇ ಇಲ್ಲ. ಹಡಗಿನ ಎಂಜಿನ್ನಿಗೆಂದು ಜರ್ಮನಿಯ ಹರ್ಮನ್ ಫೊಟಿಂಗರ್ 1905ರಲ್ಲಿ ಪೇಟೆಂಟ್ ಪಡೆದ ಉಪಾಯ ಅದು. ಎಣ್ಣೆ ಜಾರುತ್ತದೆ, ಜಾರಿದಷ್ಟೂ ಬಿಸಿಯಾಗುತ್ತದೆ, ಆ ಬಿಸಿಗೆ ದುಡ್ಡು ಕೊಟ್ಟವರು ನಾವು. ಮೇಲಾಗಿ ಆಗ ಇದ್ದದ್ದು ಮೂರೋ ನಾಲ್ಕೋ ಗೇರು. ಹೈವೇಯಲ್ಲಿ ಎಂಜಿನ್ನು ಸುಮ್ಮನೆ ಕೂಗಿಕೊಂಡು ಓಡುತ್ತಿತ್ತು. ಆಟೋಮ್ಯಾಟಿಕ್ ಅಂದರೆ ಸಾಹುಕಾರರ ಗಾಡಿ ಅನ್ನುವ ಹೆಸರು ಬಂದದ್ದು ಆಗಲೇ. ಈಗ ಗೇರು ಆರು, ವೇಗ ಹಿಡಿದ ಮೇಲೆ ಜಾರದಂತೆ ಒಳಗೇ ಕಚ್ಚಿಕೊಳ್ಳುವ ಲಾಕ್‌ಅಪ್ ಕ್ಲಚ್ ಬೇರೆ. ಎರ್ಟಿಗಾದಲ್ಲಿ ಮ್ಯಾನ್ಯುಯಲ್‌ಗೆ 20.51, ಟಾರ್ಕ್ ಕನ್ವರ್ಟರ್‌ಗೆ 20.30. ಸೋಲು ಅಷ್ಟೇ.

ಹುಡುಗನ ಸ್ವಿಫ್ಟಿನಲ್ಲಿ ಆ ಎಣ್ಣೆಯ ಆಟವೂ ಇಲ್ಲ. ಅದು ಎಎಂಟಿ. ಒಳಗಿರುವುದು ಅಣ್ಣನ ವ್ಯಾಗನಾರ್‌ನಲ್ಲಿ ಇರುವಂಥದ್ದೇ ಗೇರ್‌ಬಾಕ್ಸು, ಅಂಥದ್ದೇ ಕ್ಲಚ್ ಪ್ಲೇಟು. ತೆಗೆದದ್ದು ಪೆಡಲ್ ಒಂದನ್ನು. ತುಳಿಯುವ, ಗೇರು ಬದಲಾಯಿಸುವ ಕೆಲಸವನ್ನು ಒಂದು ಪುಟ್ಟ ಯಂತ್ರಕ್ಕೆ, ಅದಕ್ಕೆ ಹೇಳಿಕೊಡುವ ಕಂಪ್ಯೂಟರಿಗೆ ವಹಿಸಿದ್ದಾರೆ. ನಮ್ಮ ದೇಶಕ್ಕೆ ಇದನ್ನು ಮೊದಲು ತಂದದ್ದು 2014ರ ಮಾರುತಿ ಸೆಲೆರಿಯೊ. ಆಗ ಎರಡಕ್ಕೂ ಒಂದೇ ಅಂಕಿ, 23.1. ಆಮೇಲೆ ಎಎಂಟಿ ಸ್ವಲ್ಪ ಮುಂದೆ ಹೋಯಿತು.

"ಹೆಂಗ್ ಮುಂದೆ ಹೋಗುತ್ತೆ? ಅದೇ ಗೇರು, ಅದೇ ಎಂಜಿನ್ನು!"

ಒಳ್ಳೇ ಪ್ರಶ್ನೆ. ಉತ್ತರ ಪುಣೆಯಲ್ಲಿದೆ. ಮೈಲೇಜಿನ ಅಂಕಿಗೆ ಎಆರ್‌ಎಐ ಎಂಬ ಮುದ್ರೆ ಬೀಳುತ್ತದಲ್ಲ, ಆ ಸಂಸ್ಥೆ ಅಲ್ಲಿಯದು. ಗಾಡಿಯನ್ನು ರಸ್ತೆಗೆ ಬಿಡುವುದಿಲ್ಲ. ರೋಲರ್ ಮೇಲೆ ನಿಲ್ಲಿಸಿ ಓಡಿಸುತ್ತಾರೆ. ಎಸಿ ಬಂದ್. ಯಾವ ಕ್ಷಣದಲ್ಲಿ ಎಷ್ಟು ವೇಗ ಎನ್ನುವುದಕ್ಕೆ ವೇಳಾಪಟ್ಟಿ ಇದೆ, ಅತಿ ಹೆಚ್ಚೆಂದರೆ ಗಂಟೆಗೆ 90 ಕಿಲೋಮೀಟರ್. ಮ್ಯಾನ್ಯುಯಲ್ ಗಾಡಿಯಾದರೆ ಯಾವ ವೇಗಕ್ಕೆ ಯಾವ ಗೇರು ಎನ್ನುವುದನ್ನೂ ಮೊದಲೇ ಗೊತ್ತುಮಾಡಿರುತ್ತಾರೆ, ಡ್ರೈವರ್ ಅದನ್ನು ಮೀರುವಂತಿಲ್ಲ. ಎಎಂಟಿಗೆ ಆ ಕಟ್ಟಿಲ್ಲ, ಗೇರು ಅದರ ಇಷ್ಟ. ಆದಷ್ಟು ಬೇಗ ಮೇಲಿನ ಗೇರಿಗೆ ಹಾರಿ ಎಂಜಿನ್ನನ್ನು ತಣ್ಣಗೆ ಇಡುವಂತೆ ಕಂಪನಿಯವರು ಅದಕ್ಕೆ ಕಲಿಸಿರುತ್ತಾರೆ. ಗೆಲ್ಲದೆ ಇನ್ನೇನು?

ಅಣ್ಣನ ಮುಖ ಅರಳಿತು. "ನೋಡಿ, ಅಣ್ಣ ಹೇಳಿದ್ದೇ ಸರಿ. ಕೈ ಪಳಗಿದ ಡ್ರೈವರ್‌ನ ಕೂರ್ಸಿ ಇಷ್ಟ ಬಂದಂಗೆ ಓಡ್ಸಪ್ಪಾ ಅಂದಿದ್ರೆ ಗೊತ್ತಾಗ್ತಿತ್ತು!" ಗೊತ್ತಾಗುತ್ತಿತ್ತು, ಒಪ್ಪೋಣ. ಆದರೆ ನಮ್ಮ ಬೀದಿಯಲ್ಲಿ ಕೈ ಪಳಗಿದವರು ಎಷ್ಟು ಜನ? ಸೆಕೆಂಡ್ ಗೇರಿನಲ್ಲೇ ಎಳೆಯುತ್ತಾ ಹೋಗುವವರು, ಕ್ಲಚ್ ಮೇಲಿಟ್ಟ ಕಾಲು ತೆಗೆಯದವರೇ ಹೆಚ್ಚು. ಅಂಥವರ ಕೈಗಿಂತ ಕಂಪ್ಯೂಟರ್ ಎಷ್ಟೋ ವಾಸಿ.

ಈ ಗೆಲುವಿನ ಬೆಲೆಯನ್ನೂ ಗೋಡೆ ಮೇಲೇ ಕೂಡಿ ಕಳೆದೆವು. ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಅಂದುಕೊಳ್ಳಿ. ಕಂಪನಿ ಅಂಕಿಯನ್ನೇ ನಂಬಿದರೂ ಮ್ಯಾನ್ಯುಯಲ್‌ಗೆ 403 ಲೀಟರ್, ಎಎಂಟಿಗೆ 388. ಉಳಿದದ್ದು 15 ಲೀಟರ್. ಲೀಟರಿಗೆ 103 ರೂಪಾಯಿ ಹಿಡಿದರೆ ವರ್ಷಕ್ಕೆ ಒಂದೂವರೆ ಸಾವಿರ. ಎಎಂಟಿಗೆಂದು ಷೋರೂಮಿನಲ್ಲಿ ಹೆಚ್ಚಿಗೆ ಕೊಡುವುದು ಅರ್ಧ ಲಕ್ಷದ ಆಸುಪಾಸು. ಆ ದುಡ್ಡು ಪೆಟ್ರೋಲ್ ಉಳಿತಾಯದಲ್ಲೇ ವಾಪಸ್ ಬರಬೇಕಾದರೆ ಮೂವತ್ತೆರಡು ವರ್ಷ ಕಾಯಬೇಕು. ಆರ್‌ಸಿ ಕೊಡುವುದೇ ಹದಿನೈದು ವರ್ಷಕ್ಕೆ! ಅಣ್ಣ ಎಷ್ಟು ಜೋರಾಗಿ ನಕ್ಕರೆಂದರೆ ಒಳಗಿನಿಂದ ಅತ್ತಿಗೆ ಬಂದು ಇಣುಕಿ ಹೋದರು.

ಇಷ್ಟಾದ ಮೇಲೂ ನನ್ನ ಲೆಕ್ಕದಲ್ಲಿ ಇದು ಜಗಳವಾಡುವಷ್ಟು ದೊಡ್ಡ ವಿಷಯವಲ್ಲ. ಎರಡರ ನಡುವಿನ ಅಂತರ ನೂರಕ್ಕೆ ನಾಲ್ಕು. ಬಂಕಿನಲ್ಲಿ ಈಗ ಸಿಗುವ ಪೆಟ್ರೋಲಿನಲ್ಲಿ ಐದರಲ್ಲಿ ಒಂದು ಪಾಲು ಎಥೆನಾಲ್. ಎಥೆನಾಲಿನ ಕಸುವು ಪೆಟ್ರೋಲಿನ ಮೂರರಲ್ಲಿ ಎರಡು ಪಾಲಿನಷ್ಟೇ, ಹಾಗಾಗಿ ಬರೀ ಪೆಟ್ರೋಲಿಗೆ ಹೋಲಿಸಿದರೆ ಪ್ರತಿ ಲೀಟರಿನಲ್ಲೂ ನೂರಕ್ಕೆ ಆರೇಳು ಪಾಲು ಕಸುವು ಕಡಿಮೆ. ಗೇರ್‌ಬಾಕ್ಸ್ ಕೊಡುವ ನಾಲ್ಕು ಅಲ್ಲೇ ಮುಳುಗಿಹೋಯಿತು. ಟೈರಿನ ಗಾಳಿ ಎಷ್ಟೋ ದಿನದಿಂದ ನೋಡದವರು ಅದರ ಪಾಡು ಕೂಡ ಸೇರಿಸಿಕೊಳ್ಳಬಹುದು.

ಇವೆಲ್ಲಕ್ಕಿಂತ ಹೆಚ್ಚು ಕುಡಿಯುವುದು ನಮ್ಮ ರಸ್ತೆ.

ತಣಿಸಂದ್ರ ಮುಖ್ಯರಸ್ತೆಯನ್ನು ಬೆಳಿಗ್ಗೆ ಒಂಬತ್ತೂವರೆಗೆ ನೋಡಬೇಕು. ಹೆಗಡೆನಗರದ ಕಡೆಯಿಂದ ನಾಗವಾರದ ರಿಂಗ್ ರೋಡಿಗೆ ಇಳಿಯುವ ಗಾಡಿಗಳು, ಮಾನ್ಯತಾ ಹಿಂದಿನ ಗೇಟಿಗೆ ತಿರುಗುವ ಕ್ಯಾಬುಗಳು, ನೀರಿನ ಟ್ಯಾಂಕರು, ಸ್ಕೂಲ್ ವ್ಯಾನು, ಅದರ ನಡುವೆ ಸಂದು ಸಿಕ್ಕಲ್ಲಿ ನುಗ್ಗುವ ಸ್ಕೂಟರು. ಮುಂದಿನ ಗಾಡಿ ಮೂರಡಿ ಸರಿಯುತ್ತದೆ, ನೀವೂ ಮೂರಡಿ ಸರಿಯುತ್ತೀರಿ, ಸರಿಯದಿದ್ದರೆ ಆ ಮೂರಡಿಗೆ ಒಂದು ಆಟೋ ಬಂದು ಕೂರುತ್ತದೆ. 45ರಿಂದ 55ರ ವೇಗದಲ್ಲಿ ಓಡಿಸಿ, ಇಂಧನ ಉಳಿಸಿ ಅಂತ ಪೆಟ್ರೋಲ್ ಉಳಿತಾಯದ ಸರ್ಕಾರಿ ಸಂಸ್ಥೆಯವರು ವರ್ಷಗಟ್ಟಲೆಯಿಂದ ಹೇಳುತ್ತಿದ್ದಾರೆ. ಇಲ್ಲಿ 45 ಮುಟ್ಟಬೇಕಾದರೆ ರಾತ್ರಿ ಹನ್ನೊಂದು ಕಳೆಯಬೇಕು.

ಟಾಮ್‌ಟಾಮ್ ಕಂಪನಿಯ 2022ರ ಟ್ರಾಫಿಕ್ ಪಟ್ಟಿಯಲ್ಲಿ ಬೆಂಗಳೂರಿಗೆ ಲೋಕದಲ್ಲೇ ಎರಡನೇ ಸ್ಥಾನ: ನಗರದ ನಡುವೆ ಹತ್ತು ಕಿಲೋಮೀಟರ್ ದಾಟಲು 29 ನಿಮಿಷ 10 ಸೆಕೆಂಡು. ನಮಗಿಂತ ನಿಧಾನ ಲಂಡನ್ ಒಂದೇ. ಆ ಅರ್ಧ ಗಂಟೆಯಲ್ಲಿ ಹನ್ನೆರಡು ನಿಮಿಷ ಸುಮ್ಮನೆ ನಿಂತಿದ್ದೇವೆ ಎಂದುಕೊಳ್ಳಿ, ಎಸಿ ಹಾಕಿಕೊಂಡು. ಸಣ್ಣ ಪೆಟ್ರೋಲ್ ಕಾರು ಹಾಗೆ ನಿಂತರೆ ಗಂಟೆಗೆ ಒಂದು ಲೀಟರಿನ ಹತ್ತಿರ ಹೋಗುತ್ತದೆ. ಅಂದರೆ ಕದಲದೆಯೇ 200 ಎಂಎಲ್ ಖಾಲಿ. ಓಡುವಾಗ 18 ಕೊಡುವ ಗಾಡಿಗೆ ಹತ್ತು ಕಿಲೋಮೀಟರಿಗೆ ಬೇಕಾದ್ದು 550 ಎಂಎಲ್ ಚಿಲ್ಲರೆ. ಇದನ್ನು ಸೇರಿಸಿ ಭಾಗಿಸಿದರೆ 18 ಹೋಗಿ 13 ಆಯಿತು. ಐದು ಕಿಲೋಮೀಟರ್ ನಾಗವಾರದ ಸಿಗ್ನಲ್ ನುಂಗಿತು. ನಾವು ಮುಕ್ಕಾಲೋ ಒಂದೋ ಕಿಲೋಮೀಟರಿಗಾಗಿ ಗೋಡೆ ಹಿಡಿದು ವಾದಿಸುತ್ತಿದ್ದೇವೆ.

ನಿಂತಾಗಲೂ ಗೇರ್‌ಬಾಕ್ಸಿನ ಜಾತಿ ಲೆಕ್ಕಕ್ಕೆ ಬರುತ್ತದೆ. ಟಾರ್ಕ್ ಕನ್ವರ್ಟರ್ ಇರುವ ಗಾಡಿಯನ್ನು ಡಿಯಲ್ಲೇ ಬಿಟ್ಟು ಬ್ರೇಕ್ ಒತ್ತಿ ನಿಂತರೆ ಎಂಜಿನ್ನು ಆ ಎಣ್ಣೆಯನ್ನು ಕಡೆಯುತ್ತಲೇ ಇರುತ್ತದೆ, ಗಾಡಿ ಮುಂದೆ ಹೋಗಲು ತಳ್ಳುತ್ತಲೇ ಇರುತ್ತದೆ. ಸಿಗ್ನಲ್ ಉದ್ದ ಇದ್ದರೆ ಎನ್‌ಗೆ ಹಾಕುವುದು ಲೇಸು. ಎಎಂಟಿ ಬ್ರೇಕ್ ಒತ್ತಿದ ಕೂಡಲೇ ಕ್ಲಚ್ ಬಿಡಿಸಿಕೊಂಡು ನಿಲ್ಲುತ್ತದೆ, ಆ ನಷ್ಟ ಇಲ್ಲ. ಅದರ ತೊಂದರೆ ಬೇರೆ. ಮೂರು ಮೂರಡಿ ತೆವಳುವಾಗ ಅದೂ ನಮ್ಮ ಹಾಗೇ ಹಾಫ್ ಕ್ಲಚ್ಚಿನಲ್ಲಿ ಒದ್ದಾಡುತ್ತದೆ, ಪ್ಲೇಟು ಸವೆಯುತ್ತದೆ. ಪೆಡಲ್ ಕಾಣುವುದಿಲ್ಲ ಅಂದ ಮಾತ್ರಕ್ಕೆ ಪ್ಲೇಟು ಅಮರ ಅಲ್ಲ. ಫ್ಲೈಓವರ್ ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್‌ನಲ್ಲೇ ಗಾಡಿ ನಿಲ್ಲಿಸಿಕೊಳ್ಳುವವರ ಕಾರಿನಿಂದ ಬರುವ ಸುಟ್ಟ ವಾಸನೆ ಎರಡು ಗಾಡಿ ಹಿಂದಿರುವವರಿಗೂ ಗೊತ್ತಾಗುತ್ತದೆ. ಇನ್ನೊಂದು ಜಾತಿ ಸಿವಿಟಿ. ಬೆಲ್ಟಿನ ಮೇಲೆ ಓಡುವುದರಿಂದ ಅದಕ್ಕೆ ಗೇರಿನ ಜರ್ಕೇ ಇಲ್ಲ. ಹೋಂಡಾ ಸಿಟಿಯಲ್ಲಿ ಮ್ಯಾನ್ಯುಯಲ್‌ಗೆ 17.8, ಸಿವಿಟಿಗೆ 18.4 ಎಂಬ ಅಂಕಿ ಇದೆ. ಬೆಲೆ ಕೇಳಿದ ಮೇಲೆ ಅಣ್ಣ ಆ ಮಾತನ್ನು ಮುಂದುವರಿಸಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅಣ್ಣ ಸೋಲು ಒಪ್ಪುವುದಿಲ್ಲ, ನಾನೂ ಬಿಡುವುದಿಲ್ಲ. ನಂದಿಬೆಟ್ಟದಿಂದ ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಎನ್ನುವುದು ಅವರ ವಾದ. ಕಾರ್ಬುರೇಟರ್ ಕಾಲದಲ್ಲಿ ಅದು ನಿಜವೇ ಇತ್ತು. ಈಗಿನ ಇಂಜೆಕ್ಷನ್ ಎಂಜಿನ್ನು ಗೇರಿನಲ್ಲಿದ್ದು ನೀವು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲನ್ನು ಪೂರ್ತಿ ನಿಲ್ಲಿಸಿಬಿಡುತ್ತದೆ. ಚಕ್ರವೇ ಎಂಜಿನ್ನನ್ನು ತಿರುಗಿಸಿಕೊಂಡು ಬರುತ್ತದೆ. ನ್ಯೂಟ್ರಲ್ ಮಾಡಿದಿರೋ, ಎಂಜಿನ್ನು ಆರದಂತೆ ಮತ್ತೆ ಪೆಟ್ರೋಲ್ ಬಿಡಲೇಬೇಕು. ಉಳಿತಾಯ ಹೋಯಿತು, ಎಂಜಿನ್ ಬ್ರೇಕೂ ಹೋಯಿತು, ಆ ತಿರುವುಗಳಲ್ಲಿ ಬ್ರೇಕ್ ಕಾಯ್ದು ಕೂರುತ್ತದೆ. ಇದನ್ನೆಲ್ಲ ಕೇಳಿ ಅಣ್ಣ ಹೇಳಿದ್ದು ಇಷ್ಟೇ: "ನೀವು ಪುಸ್ತಕ ಓದಿದ್ದೀರಿ. ನಾನು ಗಾಡಿ ಓಡ್ಸಿದ್ದೀನಿ."

ಆಟೋಮ್ಯಾಟಿಕ್ ಎಲ್ಲ ಈಗಿನ ಹುಡುಗರ ಶೋಕಿ ಎಂದೂ ಸೇರಿಸಿದರು. ಬೆಂಗಳೂರಿನವರೇ ಮಾಡಿ 2001ರಲ್ಲಿ ಬೀದಿಗಿಳಿಸಿದ ರೇವಾ ಕಾರಿಗೆ ಕ್ಲಚ್ಚೂ ಇರಲಿಲ್ಲ, ಪೆಟ್ರೋಲ್ ಟ್ಯಾಂಕೂ ಇರಲಿಲ್ಲ ಎಂದು ನೆನಪಿಸಿದೆ. ಲಂಡನ್ನಿನವರು ಅದನ್ನು ಜಿ-ವಿಜ್ ಎಂದು ಕರೆದು ಓಡಾಡಿದರು. ನಾವು ಆಟದ ಸಾಮಾನು ಎಂದು ನಕ್ಕೆವು. "ಅದಕ್ಕೂ ಮೈಲೇಜ್ ಕೇಳ್ತಿದ್ರು ಜನ," ಅಂದರು ಅಣ್ಣ. ಕೇಳಿಯೇ ಇರುತ್ತಾರೆ.

ನಿಜ ಹೊರಬಿದ್ದದ್ದು ಮೊನ್ನೆ. ಅತ್ತಿಗೆ ಬಟ್ಟೆ ಒಣಹಾಕುತ್ತಾ, "ನಾಳೆ ಹೋಗ್ತಾರಂತೆ, ಆ ಗೇರಿಲ್ಲದ ಕಾರು ನೋಡೋಕೆ. ಹೆಬ್ಬಾಳದವರೆಗೆ ಹೋಗಿ ಬಂದ್ರೆ ರಾತ್ರಿ ಮಂಡಿಗೆ ಎಣ್ಣೆ ತಿಕ್ಕೋಳು ನಾನು," ಅಂದುಬಿಟ್ಟರು. ಅಣ್ಣ ಪೇಪರಿನ ಮೇಲೆ ಕಣ್ಣಿಟ್ಟೇ ಕೇಳಿದರು:

"ಬ್ಯಾಟರಿ ಸತ್ರೆ ಅದನ್ನ ತಳ್ಳಿ ಸ್ಟಾರ್ಟ್ ಮಾಡೋಕಾಗುತ್ತಾ ಸಾರ್?"

"ಇಲ್ಲ ಅಣ್ಣ. ಸೆಕೆಂಡ್ ಹಾಕಿ ಕ್ಲಚ್ ಬಿಡೋಕೆ ಪೆಡಲ್ ಎಲ್ಲಿದೆ? ಜಂಪ್ ಕೇಬಲ್ ಒಂದು ಡಿಕ್ಕಿಯಲ್ಲಿಟ್ಟುಕೊಳ್ಳಿ."

"ಅದೆಷ್ಟು?"

"ಒಳ್ಳೇದಾದ್ರೆ ಒಂದೂವರೆ ಸಾವಿರ ಆಗ್ಬಹುದು."

ಅಣ್ಣ ಲೋಟ ಎತ್ತಿ ತಳದ ಕಾಫಿ ಕುಡಿದರು. "ಹಂಗಾದ್ರೆ ಮೂವತ್ತೆರಡಲ್ಲ ಸಾರ್, ಮೂವತ್ತಮೂರು ವರ್ಷ ಅಂತ ಬರ್ಕೊಳ್ಳಿ."