ಮೂಗಿನ ಮಹಿಮೆ

ರಾಗಿಯ ಬೆಂಕಿ ರೋಗದ ಬಗ್ಗೆ ನಾಲ್ಕು ವರ್ಷ ಗದ್ದೆ ಹೊಲ ಸುತ್ತಿ ಬರೆದ ಪ್ರಬಂಧ ಅಂತೂ ಅಚ್ಚಾಯಿತು. ಓದಿದವರು ಮೂವರು: ನಾನು, ನನ್ನ ಗೈಡು, ತಪ್ಪು ಹುಡುಕಲೆಂದೇ ಓದಿದ ಒಬ್ಬ ಅನಾಮಿಕ ಪುಣ್ಯಾತ್ಮ. ನಾಲ್ಕು ಜನಕ್ಕೆ ತಲುಪಲಿ ಅಂತ ಮನೆಮಂದಿಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ದೊಡ್ಡಪ್ಪ ತೆರೆದು ನೋಡದೆಯೇ ಕೈಮುಗಿದ ಚಿತ್ರ ಒತ್ತಿದರು. ಸೋದರತ್ತೆ ಮಾತ್ರ ಫೋನ್ ಮಾಡಿ, "ಅದೆಲ್ಲಾ ಇರ್ಲಿ ಕಣೋ, ಮುದ್ದೆ ಗಂಟಾಗದ ಹಾಗೆ ಏನಾದ್ರೂ ಕಂಡುಹಿಡಿದ್ಯಾ?" ಅಂದರು.

ವಿಷಯ ಆರಿಸುವಾಗಲೇ ಎಡವಿದ್ದೆ ನೋಡಿ. ಬೆಂಗಳೂರಿನ ನಿಮ್ಹಾನ್ಸ್‌ನ ಚಿತ್ತರಂಜನ್ ಆಂಡ್ರೇಡ್ ಮತ್ತು ಬಿ.ಎಸ್. ಶ್ರೀಹರಿ 200 ಶಾಲಾ ಮಕ್ಕಳಿಗೆ ಪ್ರಶ್ನೆಪಟ್ಟಿ ಹಂಚಿ, ದಿನಕ್ಕೆಷ್ಟು ಸಲ ಮೂಗಿಗೆ ಬೆರಳು ಹಾಕ್ತೀರಿ ಅಂತ ಕೇಳಿದರು. ಹೆಚ್ಚೂಕಡಿಮೆ ಎಲ್ಲರೂ ಹಾಕುವವರೇ, ದಿನಕ್ಕೆ ನಾಲ್ಕು ಸಲದ ಲೆಕ್ಕ! ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ 2001ರಲ್ಲಿ ಅವರಿಗೇ ಬಂತು. ಪ್ರಚಾರಕ್ಕೆ ಬೇರೆ ಡಂಗುರ ಬೇಕೆ?

ಅತ್ತೆಗೆ ಇದನ್ನೇ ಹೇಳಿದೆ.

"ಅಯ್ಯೋ, ಅದನ್ನ ಮೊದ್ಲು ಕಳಿಸೋ! ನಿಮ್ಮ ಮಾವನಿಗೆ ತೋರಿಸ್ಬೇಕು."